ಕುಂಚ ಒಂದು, ಕಸುಬು ಹತ್ತು

ಸಂಕೇಶ್ವರದ ಯಾವ ಓಣಿಗೆ ಹೋದರೂ ಎಸ್ಸೆಸ್ಸೆಲ್ಸಿ ಇಲ್ಲವೆ ಪಿ.ಯು.ಸಿ. ಫಲಿತಾಂಶ ಬಂದ ವಾರ ಈ ಮಾತು ಕಿವಿಗೆ ಬೀಳದೆ ಇರದು. ನೋಟುಬುಕ್ಕಿನ ಹಿಂದಿನ ಹಾಳೆಗಳನ್ನೆಲ್ಲ ಚಿತ್ರಗಳಿಂದ ತುಂಬಿಸಿದ ಹುಡುಗಿ ಮೆಲ್ಲಗೆ ಬಾಯಿ ಬಿಡುತ್ತಾಳೆ: "ಅಪ್ಪಾ, ನಾ ಆರ್ಟ್ ಕಾಲೇಜಿಗೆ ಹೋಗ್ತೀನಿ." ಕಬ್ಬಿಗೆ ನೀರು ಬಿಟ್ಟು ಈಗಷ್ಟೇ ಮನೆಗೆ ಬಂದ ಅಪ್ಪ, ಕೈಕಾಲು ತೊಳೆಯುವುದನ್ನೂ ಮರೆತು ನಿಂತಲ್ಲೇ ಕೇಳುತ್ತಾನೆ: "ಅಲ್ಲ ಮಗಳ, ಚಿತ್ರಾ ತಗದ್ರ ಹೊಟ್ಟಿ ತುಂಬತೈತೇನ?"

ಅವ್ವ ಒಳಗಿನಿಂದ ಏನೂ ಅನ್ನುವುದಿಲ್ಲ. ಆದರೆ ಆಕೆಯ ಮನಸ್ಸಿನಲ್ಲೂ ಅದೇ ಪ್ರಶ್ನೆ.

ಈ ಅಪ್ಪನನ್ನು ಕಲೆಯ ವಿರೋಧಿ ಎಂದು ಜರೆಯುವುದು ಸುಲಭ. ಜಾತ್ರೆಯಲ್ಲಿ ರಾತ್ರಿಯಿಡೀ ಪಾರಿಜಾತ ನೋಡಿ ಬರುವವನೂ, ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಹಚ್ಚುವವನೂ ಇವನೇ. ಅವನು ಕೇಳುತ್ತಿರುವುದು ಕಲೆ ಬೇಕೋ ಬೇಡವೋ ಎಂದಲ್ಲ. ತಿಂಗಳ ಕೊನೆಗೆ ಕಿರಾಣಿ ಅಂಗಡಿಯ ಉದ್ರಿ ಯಾರು ತೀರಿಸಬೇಕು ಎಂದು. ಆ ಪ್ರಶ್ನೆಗೆ ನೇರವಾಗಿಯೇ ಉತ್ತರ ಕೊಡಬೇಕು. ಈ ಲೇಖನದ ಉದ್ದೇಶವೂ ಅದೇ.

ಒಂದೇ ಕಾಲಿನ ಮೇಲೆ ನಿಂತವರು

ಮೊದಲು ಅಪ್ಪನ ಅಂಜಿಕೆಗೆ ಇರುವ ಕಾರಣವನ್ನು ನೋಡೋಣ. ಮೂವತ್ತು ವರ್ಷಗಳ ಹಿಂದೆ ಹುಕ್ಕೇರಿ, ಗೋಕಾಕ, ಸಂಕೇಶ್ವರಗಳಂಥ ಊರುಗಳಲ್ಲಿ ಚಿತ್ರ ಬರೆಯಬಲ್ಲವನಿಗೆ "ಪೇಂಟರ್" ಎಂಬ ಗೌರವದ ಹೆಸರಿತ್ತು. ಅಂಗಡಿಯ ಬೋರ್ಡು, ಗೋಡೆಯ ಜಾಹೀರಾತು, ಚುನಾವಣೆಯ ಬರಹ, ಲಾರಿಯ ಹಿಂಬದಿ, ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಟ್ರೇಲರಿನ ಮೇಲಿನ ಹೂಬಳ್ಳಿ, ದೇವರ ಹೆಸರು, ನಾಟಕ ಕಂಪನಿಯ ಪರದೆ ಇವೆಲ್ಲ ಅವನ ಕೈಯಿಂದಲೇ ಆಗಬೇಕಿತ್ತು. ಗಡಿನಾಡಿನ ಪೇಂಟರುಗಳಿಗೆ ಕನ್ನಡ ಮರಾಠಿ ಎರಡೂ ಅಕ್ಷರಗಳು ಕೈಗೆ ಒಗ್ಗಿದ್ದವು.

ಆಮೇಲೆ ಫ್ಲೆಕ್ಸ್ ಯಂತ್ರ ಬಂತು. ಎರಡು ದಿನದ ಬೋರ್ಡು ಅರ್ಧ ತಾಸಿನಲ್ಲಿ ಮುದ್ರಣವಾಗಿ ಕೈಗೆ ಬರತೊಡಗಿತು. 2000ನೇ ಇಸವಿಯ ನಂತರದ ಕೆಲವೇ ವರ್ಷಗಳಲ್ಲಿ, ಬೋರ್ಡು ಬರೆಯುವುದೊಂದನ್ನೇ ನಂಬಿದ್ದ ಅನೇಕರು ಕುಂಚ ಕೆಳಗಿಟ್ಟು ಬೇರೆ ಕೆಲಸ ಹುಡುಕಬೇಕಾಯಿತು. ಕರ್ನಾಟಕ ಸರಕಾರ 2016ರ ಮಾರ್ಚಿಯಲ್ಲಿ ಪ್ಲಾಸ್ಟಿಕ್ ಕೈಚೀಲಗಳ ಜೊತೆಗೆ ಫ್ಲೆಕ್ಸ್, ಬ್ಯಾನರುಗಳನ್ನೂ ನಿಷೇಧಿಸಿತು. ಆದರೆ ಅಷ್ಟರೊಳಗೆ ಕುಂಚ ಹಿಡಿಯುವ ಕೈಗಳೇ ಕಡಿಮೆಯಾಗಿದ್ದವು.

ಆದರೂ ಎಲ್ಲ ಪೇಂಟರುಗಳು ಮುಳುಗಲಿಲ್ಲ. ಬೋರ್ಡಿನ ಜೊತೆಗೆ ಗಣಪತಿ ಮೂರ್ತಿ ಮಾಡುತ್ತಿದ್ದವರು, ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದವರು, ಕಂಪ್ಯೂಟರ್ ಕಲಿತು ಅದೇ ಫ್ಲೆಕ್ಸಿಗೆ ವಿನ್ಯಾಸ ಮಾಡಿಕೊಡತೊಡಗಿದವರು ಉಳಿದುಕೊಂಡರು. ಕೈಚಳಕದಲ್ಲಿ ಇಬ್ಬರೂ ಸಮನಾಗಿರಬಹುದು. ಒಬ್ಬ ಒಂದೇ ಕಾಲಿನ ಮೇಲೆ ನಿಂತಿದ್ದ, ಇನ್ನೊಬ್ಬನಿಗೆ ಮೂರು ಕಾಲುಗಳಿದ್ದವು. ಇಂದು ಕಂಪ್ಯೂಟರೇ ಚಿತ್ರ ಬರೆದುಕೊಡುವ ಕಾಲ ಬಂದಿದೆ. ಫ್ಲೆಕ್ಸ್ ಕಲಿಸಿದ ಪಾಠ ಈಗ ಇನ್ನೂ ಹೆಚ್ಚು ಬೇಕಾಗಿದೆ.

ನಮ್ಮ ಸೀಮೆಯ ಹಳೆಯ ಜಾಣ್ಮೆ

ಹಾಗೆ ನೋಡಿದರೆ ಈ ಪಾಠ ನಮಗೆ ಹೊಸದೇನಲ್ಲ. ಗೋಕಾಕವೆಂದರೆ ಹೊರಗಿನವರಿಗೆ ಜಲಪಾತ, ಕರದಂಟು ನೆನಪಾಗುತ್ತವೆ. ಅದರ ಬಣ್ಣದ ಗೊಂಬೆಗಳು ಮತ್ತು ಹಣ್ಣು ತರಕಾರಿಗಳ ಮಾದರಿಗಳೂ ಅಷ್ಟೇ ಹಳೆಯ ಹೆಸರು. ಹಗುರವಾದ ಕಟ್ಟಿಗೆಯಲ್ಲಿ ಹಾಗೂ ಆ ಸುತ್ತಿನಲ್ಲೇ ಸಿಗುವ ಒಂದು ಬಗೆಯ ಮಣ್ಣಿನಲ್ಲಿ ಮಾಡುವ ಈ ವಸ್ತುಗಳನ್ನು ಬ್ರಿಟಿಷರ ಕಾಲದ ಗ್ಯಾಝೆಟಿಯರುಗಳೂ ಉಲ್ಲೇಖಿಸಿವೆ. ಬಾಳೆಹಣ್ಣು, ಮಾವು, ಬದನೆಕಾಯಿಗಳನ್ನು ತಟ್ಟೆಯಲ್ಲಿಟ್ಟರೆ ಮುಟ್ಟಿ ನೋಡಿದ ಮೇಲೆಯೇ ನಿಜವಲ್ಲವೆಂದು ತಿಳಿಯಬೇಕು.

ಉತ್ತರ ಕರ್ನಾಟಕದ ಚಿತ್ರಗಾರ, ಜೀನಗಾರ ಮನೆತನಗಳು ಬರೀ ಗೊಂಬೆ ಮಾಡಿ ಬದುಕಿದವರಲ್ಲ. ಮದುವೆಯ ಹಂಗಾಮಿನಲ್ಲಿ ಬಾಸಿಂಗ, ಜಾತ್ರೆಗೆ ಮೊದಲು ಪಲ್ಲಕ್ಕಿಗೂ ತೇರಿಗೂ ಬಣ್ಣ, ಬಾಣಂತಿ ಮನೆಗೆ ಬಣ್ಣದ ತೊಟ್ಟಿಲು, ಗುಡಿಗೆ ದೇವರ ಮೂರ್ತಿ, ಗೋಡೆಗೆ ಚಿತ್ರ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರದೂ ಇದೇ ಕಥೆ. ಅವರ ಗೊಂಬೆಗಳಿಗೆ ಇಂದು ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಚನ್ನಪಟ್ಟಣದವರು ಮಕ್ಕಳ ಆಟಿಕೆಗಷ್ಟೇ ಅಂಟಿಕೊಳ್ಳದೆ ಬಳೆ, ಮಣಿಸರ, ಮನೆಯ ಅಲಂಕಾರದ ಸಾಮಾನುಗಳಿಗೂ ಅದೇ ಅರಗಿನ ಬಣ್ಣವನ್ನು ಒಗ್ಗಿಸಿಕೊಂಡರು.

ನಮ್ಮ ಹಬ್ಬಗಳ ಸಾಲನ್ನೇ ಎಣಿಸಿ ನೋಡಿ. ಜ್ಯೇಷ್ಠದಲ್ಲಿ ಮಣ್ಣೆತ್ತಿನ ಅಮಾವಾಸ್ಯೆ, ಆಷಾಢದ ಮಂಗಳವಾರಗಳಿಗೆ ಗುಳ್ಳವ್ವ, ಶ್ರಾವಣಕ್ಕೆ ನಾಗಪ್ಪ, ಭಾದ್ರಪದಕ್ಕೆ ಗಣಪತಿ, ಅದರ ಬೆನ್ನಿಗೆ ಜೋಕುಮಾರ, ನವರಾತ್ರಿಗೆ ದೇವಿ, ದೀಪಾವಳಿಗೆ ಆಕಾಶಬುಟ್ಟಿ. ಮಣ್ಣು ಮತ್ತು ಬಣ್ಣ ಬಲ್ಲವನಿಗೆ ಪಂಚಾಂಗವೇ ಕೆಲಸದ ಪಟ್ಟಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿಗಳು ಬೇಡ, ಮಣ್ಣಿನವೇ ಆಗಬೇಕೆಂದು ಹೇಳಿದ ಮೇಲಂತೂ ಮಣ್ಣಿನ ಗಣಪತಿ ಮಾಡಬಲ್ಲವರನ್ನು ಜನ ಹುಡುಕಿಕೊಂಡು ಬರುವಂತಾಗಿದೆ.

ಹೆಸರು ಮಾಡಿದವರೂ ಹೀಗೆಯೇ ಬದುಕಿದರು

"ಅದೆಲ್ಲ ಕಸುಬುದಾರರ ಮಾತು, ನಮ್ಮ ಮಗ ದೊಡ್ಡ ಕಲಾವಿದನಾಗಬೇಕು" ಎನ್ನುವ ಪಾಲಕರೂ ಇದ್ದಾರೆ. ಅವರಿಗೆ ನಮ್ಮ ಸುತ್ತಲಿನ ದೊಡ್ಡವರ ಬದುಕನ್ನೇ ತೋರಿಸಬಹುದು.

ಸಂಕೇಶ್ವರದಿಂದ ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟರೆ ಕೊಲ್ಲಾಪುರ. ಅಲ್ಲಿ 1890ರಲ್ಲಿ ಹುಟ್ಟಿದ ಬಾಬುರಾವ್ ಮೇಸ್ತ್ರಿಯವರನ್ನು ಜಗತ್ತು ಬಾಬುರಾವ್ ಪೇಂಟರ್ ಎಂದೇ ಬಲ್ಲದು. ಅವರೂ ಅವರ ಸೋದರಸಂಬಂಧಿ ಆನಂದರಾವ್ ಅವರೂ ನಾಟಕ ಕಂಪನಿಗಳ ಪರದೆ ಬರೆದು ಹೆಸರಾದರು. ಮುಂದೆ ಬಾಬುರಾವ್ ಸಿನಿಮಾ ಕ್ಯಾಮೆರಾವನ್ನು ತಾವೇ ಸಿದ್ಧಮಾಡಿದರು, ಮಹಾರಾಷ್ಟ್ರ ಫಿಲ್ಮ್ ಕಂಪನಿ ಕಟ್ಟಿದರು, 1920ರಲ್ಲಿ 'ಸೈರಂಧ್ರಿ' ತೆಗೆದರು. ತಮ್ಮ ಚಿತ್ರಗಳ ಭಿತ್ತಿಪತ್ರಗಳನ್ನೂ ತಾವೇ ಬರೆದರು. ಸಿನಿಮಾದಿಂದ ಹಿಂದೆ ಸರಿದ ಮೇಲೆ ಮತ್ತೆ ವರ್ಣಚಿತ್ರ, ಶಿಲ್ಪಗಳಿಗೆ ಮರಳಿ 1954ರಲ್ಲಿ ತೀರಿಕೊಂಡರು. ಒಂದು ಬಾಗಿಲು ಮುಚ್ಚಿದಾಗ ಅವರ ಕೈಯಲ್ಲಿ ಇನ್ನೊಂದು ಬಾಗಿಲಿನ ಕೀಲಿ ಇದ್ದೇ ಇತ್ತು.

ಕಲಬುರ್ಗಿಯ ಎಸ್.ಎಂ. ಪಂಡಿತರು (1916-1993) ಮುಂಬಯಿಗೆ ಹೋಗಿ ಸಿನಿಮಾ ಭಿತ್ತಿಪತ್ರ, ಪತ್ರಿಕೆಯ ಮುಖಪುಟ, ಕ್ಯಾಲೆಂಡರ್ ಚಿತ್ರಗಳಿಂದ ದೇಶದಾದ್ಯಂತ ಮನೆಮಾತಾದರು. ಅವರ ಪುರಾಣದ ಚಿತ್ರಗಳಿಗೆ ಜನ ಹೊಟ್ಟೆಪಾಡಿನ ಕೆಲಸವೆಂದು ಕಡಿಮೆ ಬೆಲೆ ಕಟ್ಟಲಿಲ್ಲ. ಗೋಡೆಗೆ ತೂಗುಹಾಕಿ ಕೈಮುಗಿದರು.

ನಮ್ಮದೇ ಬೆಳಗಾವಿಯಲ್ಲಿ ಕೆ.ಬಿ. ಕುಲಕರ್ಣಿಯವರು ಚಿತ್ರಕಲಾ ಶಿಕ್ಷಕರಾಗಿ ಎಷ್ಟೋ ಮಕ್ಕಳ ಕೈ ತಿದ್ದಿದರು. ಸಂಬಳ ಶಾಲೆಯಿಂದ, ಸಾಧನೆ ತಮ್ಮ ಚಿತ್ರಮಂದಿರದಲ್ಲಿ. ಅವರ ಶಿಷ್ಯರಲ್ಲೊಬ್ಬರು 1935ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ರವಿ ಪರಾಂಜಪೆ. ಮುಂಬಯಿಯಲ್ಲಿ ಜಾಹೀರಾತು ಚಿತ್ರಗಳು, ಕೆಲಕಾಲ ಆಫ್ರಿಕದ ನೈರೋಬಿಯಲ್ಲಿ ಕೆಲಸ, ಕಟ್ಟಡ ಕಟ್ಟುವ ಮೊದಲೇ ಅದು ಹೇಗೆ ಕಾಣುತ್ತದೆಂದು ತೋರಿಸುವ ವಾಸ್ತುಚಿತ್ರಗಳು, ಪುಸ್ತಕಗಳಿಗೆ ರೇಖೆ, ಇವೆಲ್ಲದರ ನಡುವೆ ತಮಗಾಗಿ ಬರೆದ ವರ್ಣಚಿತ್ರಗಳು. 2022ರಲ್ಲಿ ಪುಣೆಯಲ್ಲಿ ಅವರು ತೀರಿಕೊಂಡಾಗ ಯಾವ ವಿಭಾಗದವರು ಅವರನ್ನು ತಮ್ಮವರೆನ್ನಬೇಕೆಂಬುದೇ ಪ್ರಶ್ನೆಯಾಗಿತ್ತು.

ಮೈಸೂರಿನ ಆರ್.ಕೆ. ಲಕ್ಷ್ಮಣ್ (1921-2015) ಅವರ ಉದಾಹರಣೆ ವಿದ್ಯಾರ್ಥಿಗಳು ನೆನಪಿಡಬೇಕಾದ್ದು. ಮುಂಬಯಿಯ ಜೆ.ಜೆ. ಕಲಾಶಾಲೆ ಅವರಿಗೆ ಪ್ರವೇಶ ಕೊಡಲಿಲ್ಲ. ಅವರು ಮೈಸೂರಿನಲ್ಲೇ ಪದವಿ ಓದುತ್ತ ಅಣ್ಣ ಆರ್.ಕೆ. ನಾರಾಯಣರ ಕಥೆಗಳಿಗೆ ಚಿತ್ರ ಬರೆದರು, ರಾಶಿಯವರ 'ಕೊರವಂಜಿ'ಗೆ ವ್ಯಂಗ್ಯಚಿತ್ರ ಬರೆದರು. ಪತ್ರಿಕೆಯ ಕಾಯಂ ಕೆಲಸ ಸಿಕ್ಕ ಮೇಲೂ ಅವರ ಕೈ ಒಂದೇ ಕಡೆ ನಿಲ್ಲಲಿಲ್ಲ. 1954ರಲ್ಲಿ ಏಷ್ಯನ್ ಪೇಂಟ್ಸ್‌ಗಾಗಿ ಅವರು ಬರೆದ 'ಗಟ್ಟು' ಎಂಬ ತುಂಟ ಹುಡುಗ ದಶಕಗಳ ಕಾಲ ಬಣ್ಣದ ಡಬ್ಬಿಗಳ ಮೇಲೆ ಕುಂಚ ಹಿಡಿದು ನಿಂತಿದ್ದ. ಶಂಕರನಾಗ್ ನಿರ್ದೇಶನದ ದೂರದರ್ಶನದ 'ಮಾಲ್ಗುಡಿ ಡೇಸ್'ಗೂ ಅವರ ರೇಖೆಗಳೇ ಮುಖವಾದವು.

ಹೊಲದ ಲೆಕ್ಕವೇ ಕುಂಚಕ್ಕೂ

ಕಬ್ಬು ಬೆಳೆಯುವ ಅಪ್ಪನಿಗೆ ಈ ಮಾತನ್ನು ಹೀಗೆ ಹೇಳಬಹುದು. ಕಾರ್ಖಾನೆಯ ಬಿಲ್ಲು ವರ್ಷಕ್ಕೊಮ್ಮೆ ಬರುತ್ತದೆ, ಅದೂ ತಡವಾಗಿ. ಅಲ್ಲಿಯವರೆಗೆ ಮನೆ ನಡೆಸುವುದು ಎಮ್ಮೆಯ ಹಾಲು. ಬದುವಿನ ಬದಿಯ ಮೆಣಸಿನಕಾಯಿ ಹಬ್ಬದ ಖರ್ಚಿಗೆ. ಜೋಳ ಮನೆಯ ಊಟಕ್ಕೆ. ಇಷ್ಟೂ ಒಂದೇ ನೆಲದ ಮೇಲೆ, ಒಬ್ಬನದೇ ದುಡಿಮೆಯಿಂದ. ರೈತ ಇದನ್ನು ಯಾವ ಪುಸ್ತಕದಿಂದಲೂ ಕಲಿತಿಲ್ಲ.

ಕಲಾವಿದನ ಗಳಿಕೆಯೂ ಹೀಗೆ ಮೂರು ಬಗೆಯದಾಗಿರಬೇಕು. ಮೊದಲನೆಯದು ಹಾಲಿನಂತೆ ತಿಂಗಳು ತಿಂಗಳು ಬರುವ ಚಿಕ್ಕ ಆದಾಯ. ಎರಡನೆಯದು ಹಂಗಾಮಿಗೆ ಬರುವ ದೊಡ್ಡ ಕೆಲಸ. ಮೂರನೆಯದು ಕಬ್ಬಿನಂತೆ ನಿಧಾನವಾಗಿ ಬೆಳೆಯುವ ತನ್ನ ಸ್ವಂತ ಚಿತ್ರಗಳು. ಮೊದಲೆರಡು ಹೊಟ್ಟೆಯನ್ನು ನೋಡಿಕೊಂಡರೆ ಮೂರನೆಯದು ಹೆಸರನ್ನು ನೋಡಿಕೊಳ್ಳುತ್ತದೆ.

ತಿಂಗಳ ಆದಾಯಕ್ಕೆ: ಮಕ್ಕಳಿಗೆ ಚಿತ್ರಕಲೆ ಕಲಿಸುವುದು ಎಲ್ಲಕ್ಕಿಂತ ಹತ್ತಿರದ ದಾರಿ. ಶನಿವಾರ, ರವಿವಾರದ ವರ್ಗ, ಬೇಸಿಗೆಯ ಶಿಬಿರ, ಚಿತ್ರಕಲೆಯ ಲೋವರ್ ಮತ್ತು ಹೈಯರ್ ಗ್ರೇಡ್ ಪರೀಕ್ಷೆಗಳಿಗೆ ತಯಾರಿ. ಇದಕ್ಕೆ ಮನೆಯ ಪಡಸಾಲೆ ಸಾಕು. ಖಾಸಗಿ ಶಾಲೆಗಳಲ್ಲಿ ವಾರಕ್ಕೆ ಎರಡು ಮೂರು ದಿನದ ಕೆಲಸವೂ ಸಿಗುತ್ತದೆ. ಸರಕಾರಿ ಚಿತ್ರಕಲಾ ಶಿಕ್ಷಕರ ಹುದ್ದೆಗೆ ಅರ್ಜಿ ಹಾಕಬೇಕು, ಆದರೆ ಅದೊಂದನ್ನೇ ಕಾಯುತ್ತ ಕೈಕಟ್ಟಿ ಕೂಡಬಾರದು. ಕಂಪ್ಯೂಟರಿನಲ್ಲಿ ವಿನ್ಯಾಸ ಕಲಿತವರಿಗೆ ಮುದ್ರಣಾಲಯಗಳಲ್ಲಿ ಲಗ್ನಪತ್ರಿಕೆ, ಕರಪತ್ರ, ಅಂಗಡಿಯ ಚಿಹ್ನೆ, ಚೀಲದ ಮೇಲಿನ ಚಿತ್ರ ಇವೆಲ್ಲ ನಿತ್ಯದ ಕೆಲಸ. ಬೆಲ್ಲ, ಮೆಣಸಿನಪುಡಿ, ಕರದಂಟು ಮಾರುವವರಿಗೆಲ್ಲ ಒಂದು ಒಳ್ಳೆಯ ಡಬ್ಬಿಯ ಚಿತ್ರ ಬೇಕು. ಅದನ್ನು ಬೆಂಗಳೂರಿನಿಂದಲೇ ಬರೆಸಿ ತರಬೇಕೆಂದೇನಿಲ್ಲ.

ಹಂಗಾಮಿನ ಕೆಲಸಕ್ಕೆ: ಗಣಪತಿ ಮತ್ತು ದೇವಿಯ ಮೂರ್ತಿಗಳು, ಮಂಟಪದ ಅಲಂಕಾರ, ಮದುವೆಯ ವೇದಿಕೆ, ಶಾಲಾ ಸಮ್ಮೇಳನದ ಪರದೆ, ಗುಡಿಯ ಗೋಡೆ, ಅಂಗನವಾಡಿ ಮತ್ತು ಶಾಲೆಗಳ ಗೋಡೆಬರಹ. ರೈಲಿನ ಡಬ್ಬಿಯಂತೆ ಬಣ್ಣ ಬಳಿದ ಸರಕಾರಿ ಶಾಲೆಗಳನ್ನು ನಮ್ಮ ಜಿಲ್ಲೆಯವರೂ ಕಂಡಿದ್ದಾರೆ. ಹಿರಿಯರ ಭಾವಚಿತ್ರ ಬರೆಸುವವರು ಪ್ರತಿ ಊರಲ್ಲೂ ಇದ್ದಾರೆ. ಸಹಕಾರಿ ಸಂಘ, ಮಠ, ಶಿಕ್ಷಣ ಸಂಸ್ಥೆಗಳ ಸುವರ್ಣ ಮಹೋತ್ಸವಕ್ಕೆ ಸಂಸ್ಥಾಪಕರ ಚಿತ್ರ ಬೇಕೇ ಬೇಕು. ಪುಸ್ತಕದ ಮುಖಪುಟ, ದೀಪಾವಳಿ ವಿಶೇಷಾಂಕಗಳ ಕಥೆಗೆ ಚಿತ್ರ, ಮಕ್ಕಳ ಪುಸ್ತಕ ಇವೂ ಇದೇ ಗುಂಪಿನವು.

ಸ್ವಂತ ಚಿತ್ರಗಳಿಗೆ: ಇಲ್ಲಿ ತಾಳ್ಮೆ ಬೇಕು. 1964ರಲ್ಲಿ ಸ್ಥಾಪನೆಯಾದ ಕರ್ನಾಟಕ ಲಲಿತಕಲಾ ಅಕಾಡೆಮಿಯ ಪ್ರದರ್ಶನ, ಶಿಬಿರಗಳಿಗೆ ಅರ್ಜಿ ಹಾಕುತ್ತಿರಬೇಕು. ಬೆಂಗಳೂರಿನ ಚಿತ್ರಕಲಾ ಪರಿಷತ್ತು ಎರಡು ದಶಕಗಳಿಂದ ನಡೆಸುತ್ತಿರುವ ಚಿತ್ರಸಂತೆಯಲ್ಲಿ ಕುಮಾರಕೃಪಾ ರಸ್ತೆಯುದ್ದಕ್ಕೂ ಕಲಾವಿದ ತಾನೇ ನಿಂತು ಕೊಳ್ಳುವವರೊಡನೆ ಮಾತಾಡಿ ಮಾರುತ್ತಾನೆ. ಒಂದು ಚಿತ್ರದ ಮೂಲವನ್ನು ಒಬ್ಬರಿಗಷ್ಟೇ ಮಾರಬಹುದು. ಅದರ ಉತ್ತಮ ಮುದ್ರಣಗಳನ್ನು ಅಂಕಿ ಹಾಕಿ, ಸಹಿ ಮಾಡಿ, ಇಂತಿಷ್ಟೇ ಪ್ರತಿಗಳೆಂದು ಗೊತ್ತುಪಡಿಸಿ ಐವತ್ತು ಮನೆಗಳಿಗೆ ಮಾರಬಹುದು. ಶುಭಾಶಯ ಪತ್ರ, ಕ್ಯಾಲೆಂಡರುಗಳೂ ಅದೇ ಚಿತ್ರದ ಮರಿಗಳು. ಮೊಬೈಲಿನಲ್ಲಿ ಚಿತ್ರಗಳನ್ನು ಹಾಕಿ ದೂರದೂರಿನ ಗಿರಾಕಿಗಳನ್ನು ಹುಡುಕುವುದನ್ನು ಇಂದಿನ ಹುಡುಗರಿಗೆ ಹೇಳಿಕೊಡಬೇಕಾಗಿಲ್ಲ.

ಪರಂಪರೆಯ ಕಸುಬಿನವರಿಗೆ ಇನ್ನೊಂದು ನೆರವಿದೆ. ಕೇಂದ್ರ ಸರಕಾರ 2023ರ ಸೆಪ್ಟೆಂಬರ್ 17ರಂದು ಆರಂಭಿಸಿದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಶಿಲ್ಪಿ, ಕುಂಬಾರ, ಸಾಂಪ್ರದಾಯಿಕ ಗೊಂಬೆ ತಯಾರಕರೂ ಸೇರಿದ್ದಾರೆ. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ ಭತ್ತೆ, ಉಪಕರಣಗಳಿಗೆ 15,000 ರೂಪಾಯಿ, ಶೇ. 5ರ ಬಡ್ಡಿಯಲ್ಲಿ ಮೊದಲು ಒಂದು ಲಕ್ಷ, ಆನಂತರ ಎರಡು ಲಕ್ಷ ರೂಪಾಯಿವರೆಗೆ ಸಾಲ ಎಂದು ಯೋಜನೆ ಹೇಳುತ್ತದೆ. ಗೊಂಬೆ, ಮೂರ್ತಿಗಳ ಮನೆತನದಿಂದ ಬಂದ ವಿದ್ಯಾರ್ಥಿಯ ಪಾಲಕರು ಇದನ್ನು ವಿಚಾರಿಸಬೇಕು.

ಬೆಲೆ ಕಟ್ಟುವ ಲೆಕ್ಕ

ದಾರಿಗಳು ಎಷ್ಟಿದ್ದರೂ ಬೆಲೆ ಕಟ್ಟಲು ಬಾರದಿದ್ದರೆ ದುಡಿಮೆ ನೀರಿಗೆ ಹೋದಂತೆ. ನಮ್ಮ ಹುಡುಗರು ಸೋಲುವುದು ಹೆಚ್ಚಾಗಿ ಇಲ್ಲಿಯೇ. ಒಂದು ಉದಾಹರಣೆ ಲೆಕ್ಕ ಹಾಕೋಣ.

ಎರಡು ಅಡಿ ಅಗಲ, ಮೂರು ಅಡಿ ಎತ್ತರದ ಒಂದು ಚಿತ್ರ. ಕ್ಯಾನ್ವಾಸು, ಬಣ್ಣ, ಚೌಕಟ್ಟು ಸೇರಿ 1,500 ರೂಪಾಯಿ ಎನ್ನಿ. ಐದು ದಿನದ ಕೆಲಸ. "ಸಾಮಾನಿಗೆ ಹದಿನೈದು ನೂರು ಬಿತ್ತು, ಮೂರು ಸಾವಿರಕ್ಕೆ ಕೊಟ್ಟರೆ ದುಪ್ಪಟ್ಟು ಲಾಭ" ಎಂದು ಹುಡುಗ ಹಿಗ್ಗುತ್ತಾನೆ. ಆದರೆ ಕೋಣೆಯ ಬಾಡಿಗೆ, ವಿದ್ಯುತ್ತು, ಬಸ್ ಖರ್ಚು, ಸವೆದ ಕುಂಚ, ಕೆಟ್ಟುಹೋದ ಹಾಳೆ ಇವುಗಳ ಪಾಲು 1,100 ರೂಪಾಯಿ ಎಂದು ಹಿಡಿದರೆ ಅವನ ಕೈಗುಳಿಯುವುದು 400. ಐದು ದಿನಕ್ಕೆ ಹಂಚಿದರೆ ದಿನಕ್ಕೆ 80 ರೂಪಾಯಿ! ಕಳೆ ತೆಗೆಯುವ ಆಳಿಗೂ ಈ ಕೂಲಿ ಕೊಟ್ಟರೆ ಯಾರೂ ಬರುವುದಿಲ್ಲ.

ಸರಿಯಾದ ಲೆಕ್ಕ ಹೀಗೆ. ಸಾಮಾನು 1,500. ತನ್ನ ಕೂಲಿ ದಿನಕ್ಕೆ 800ರಂತೆ ಐದು ದಿನಕ್ಕೆ 4,000. ಇತರ ಖರ್ಚು 1,100. ಒಟ್ಟು 6,600 ರೂಪಾಯಿ. ನೇರವಾಗಿ ಮಾರಿದರೆ ಇದಕ್ಕಿಂತ ಕಡಿಮೆಗೆ ಕೊಡಬಾರದು. ಗ್ಯಾಲರಿಯ ಮೂಲಕ ಮಾರುವುದಾದರೆ ಅವರು ಮಾರಾಟದ ಬೆಲೆಯ ಮೂರನೇ ಒಂದು ಭಾಗದಿಂದ ಅರ್ಧದವರೆಗೂ ಕಮಿಶನ್ ಹಿಡಿಯುವುದುಂಟು. ಮೂರನೇ ಒಂದು ಭಾಗ ಎಂದರೂ ಬೆಲೆ 9,900 ಇರಬೇಕು. ಆಗ 3,300 ಅವರಿಗೆ, 6,600 ಕಲಾವಿದನಿಗೆ.

ಇನ್ನೆರಡು ಮಾತು. ಹೇಳಿಸಿಕೊಂಡ ಕೆಲಸಕ್ಕೆ ಮೂರನೇ ಒಂದು ಭಾಗವಾದರೂ ಮುಂಗಡ ತೆಗೆದುಕೊಳ್ಳಬೇಕು. "ನಮ್ಮವನೇ ಅಲ್ಲ, ಆಮ್ಯಾಲ ನೋಡೂಣು" ಎಂಬ ಮಾತಿಗೆ ಸೋತು ಬರೆದ ಚಿತ್ರಗಳ ದುಡ್ಡು ಎಷ್ಟೋ ಸಲ ಆಮೇಲೆಯೇ ಉಳಿದುಬಿಡುತ್ತದೆ. ಎರಡನೆಯದು, "ನಿಮ್ಮ ಚಿತ್ರ ಆಯ್ಕೆಯಾಗಿದೆ, ಪ್ರಶಸ್ತಿ ಕೊಡುತ್ತೇವೆ, ಇಷ್ಟು ಶುಲ್ಕ ಕಳಿಸಿ" ಎಂಬ ಕರೆಗಳು ಬಂದರೆ ಹಣ ಕಳಿಸುವ ಮೊದಲು ಬಲ್ಲವರನ್ನು ವಿಚಾರಿಸಿ. ಪ್ರಶಸ್ತಿ ಪಡೆಯುವವನೇ ಹಣ ಕೊಡಬೇಕಾದರೆ ಅದು ವ್ಯಾಪಾರ.

ಚಿತ್ರ ಮಾರಿದರೂ ಹಕ್ಕು ಉಳಿಯುತ್ತದೆ

ರಾಜಾ ರವಿವರ್ಮ (1848-1906) ಅರಸರಿಗೆ ಚಿತ್ರ ಬರೆದುಕೊಟ್ಟು ಸುಮ್ಮನಾಗಲಿಲ್ಲ. 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದು ತಮ್ಮ ಲಕ್ಷ್ಮಿ, ಸರಸ್ವತಿಯರನ್ನು ಅಚ್ಚು ಮಾಡಿಸಿ ಸಾಮಾನ್ಯರ ಮನೆಗೂ ತಲುಪಿಸಿದರು. ಆದರೆ ಮುದ್ರಣಾಲಯ ನಡೆಸುವ ವ್ಯವಹಾರ ಅವರಿಗೆ ಒಗ್ಗಲಿಲ್ಲ. ಸಾಲ ಬೆಳೆದು ಕೆಲವೇ ವರ್ಷಗಳಲ್ಲಿ ಅದನ್ನು ಜರ್ಮನಿಯ ತಂತ್ರಜ್ಞನೊಬ್ಬನಿಗೆ ಮಾರಬೇಕಾಯಿತು. ಪ್ರತಿಗಳು ದೇಶದ ಮೂಲೆಮೂಲೆಗೂ ಹೋದವು, ಲಾಭ ಬೇರೆಯವರಿಗೆ ಹೋಯಿತು. ದಾರಿ ಹೊಸದಾಗಿದ್ದರೆ ಸಾಲದು, ಆ ದಾರಿಯ ಲೆಕ್ಕಪತ್ರವೂ ಗೊತ್ತಿರಬೇಕು.

ಭಾರತದ ಕೃತಿಸ್ವಾಮ್ಯ ಕಾಯಿದೆ 1957ರದು. ಅದರ ಪ್ರಕಾರ ತನ್ನಷ್ಟಕ್ಕೆ ಬರೆದ ಚಿತ್ರದ ಕೃತಿಸ್ವಾಮ್ಯ ಕಲಾವಿದನದೇ. ಅವನ ಜೀವಮಾನ ಮತ್ತು ಆನಂತರ 60 ವರ್ಷ ಅದು ಉಳಿಯುತ್ತದೆ. ಚಿತ್ರ ಕೊಂಡವನು ಅದನ್ನು ಗೋಡೆಗೆ ಹಾಕಬಹುದು. ಕ್ಯಾಲೆಂಡರ್ ಮಾಡಿಸಿ ಮಾರಲು ಕಲಾವಿದನ ಒಪ್ಪಿಗೆ ಬೇಕು. ಆದರೆ ಒಂದು ಎಚ್ಚರಿಕೆ: ಹಣ ಕೊಟ್ಟು ಹೇಳಿ ಬರೆಸಿಕೊಂಡ ವರ್ಣಚಿತ್ರ ಅಥವಾ ಭಾವಚಿತ್ರದಲ್ಲಿ, ಬೇರೆ ಕರಾರು ಇಲ್ಲದಿದ್ದರೆ, ಮೊದಲ ಹಕ್ಕು ಬರೆಸಿದವನದಾಗುತ್ತದೆ. ಆದ್ದರಿಂದ ಒಂದು ಹಾಳೆಯ ಮೇಲಾದರೂ ಸರಿ, ಯಾವ ಉಪಯೋಗಕ್ಕೆ, ಎಷ್ಟು ವರ್ಷಕ್ಕೆ ಎಂದು ಬರೆದು ಇಬ್ಬರೂ ಸಹಿ ಮಾಡಬೇಕು. ಹಕ್ಕನ್ನು ಬರೆದುಕೊಡುವ ಪತ್ರದಲ್ಲಿ ಅವಧಿ ಹೇಳದಿದ್ದರೆ ಕಾಯಿದೆ ಅದನ್ನು ಐದು ವರ್ಷವೆಂದು ಭಾವಿಸುತ್ತದೆ.

ಇನ್ನೊಂದು ಸಂಗತಿ ಕಲಾವಿದರಲ್ಲೇ ಅನೇಕರಿಗೆ ತಿಳಿಯದು. ಮೊದಲ ಹಕ್ಕುದಾರನಾಗಿದ್ದ ಕಲಾವಿದನ ಮೂಲಚಿತ್ರ ಮುಂದೆ ಮರುಮಾರಾಟವಾಗಿ ಬೆಲೆ 10,000 ರೂಪಾಯಿ ಮೀರಿದರೆ, ಅದರಲ್ಲಿ ಕಲಾವಿದನಿಗೂ ಅವನ ವಾರಸುದಾರರಿಗೂ ಪಾಲು ಕೇಳುವ ಹಕ್ಕಿದೆ. ಆ ಪಾಲು ಶೇ. 10ನ್ನು ಮೀರುವಂತಿಲ್ಲ. ಈ ಹಕ್ಕು ಉಪಯೋಗಕ್ಕೆ ಬರಬೇಕಾದರೆ ಬರೆದ ಪ್ರತಿ ಚಿತ್ರದ ಫೋಟೋ, ತಾರೀಖು, ಅಳತೆ, ಕೊಂಡವರ ಹೆಸರು ಒಂದು ವಹಿಯಲ್ಲಿರಬೇಕು. ರಸೀದಿಯ ಪ್ರತಿ ಇಟ್ಟುಕೊಂಡಿರಬೇಕು.

ಎಲ್ಲದಕ್ಕೂ ಕೈ ಹಾಕಿದರೆ

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ಹತ್ತು ಕೆಲಸಕ್ಕೆ ಕೈ ಹಾಕಿದವನ ಕೈ ಕೆಡುವುದಿಲ್ಲವೇ? ಕೆಡುತ್ತದೆ, ಇದು ನಿಜವಾದ ಅಪಾಯ. ಬೆಳಗಿನಿಂದ ಸಂಜೆಯವರೆಗೆ ಬ್ಯಾನರಿನ ವಿನ್ಯಾಸ, ರಾತ್ರಿ ಮಂಟಪ, ರವಿವಾರ ವರ್ಗ ಎಂದು ಓಡಾಡುವ ಹುಡುಗ ಐದು ವರ್ಷ ಕಳೆದ ಮೇಲೆ ತನ್ನದೆಂದು ತೋರಿಸಲು ಒಂದು ಚಿತ್ರವೂ ಇಲ್ಲದೆ ನಿಲ್ಲಬಹುದು. ರೈತನೂ ಇದ್ದ ಎರಡು ಎಕರೆಯಲ್ಲಿ ಹತ್ತು ಬೆಳೆ ಹಾಕುವುದಿಲ್ಲ.

ಆದ್ದರಿಂದ ಮೂರನ್ನು ಆರಿಸಿಕೊಳ್ಳಿ, ಮೂರಕ್ಕೇ ನಿಲ್ಲಿಸಿ. ಆ ಮೂರೂ ಒಂದಕ್ಕೊಂದು ನೆರವಾಗುವಂತಿರಲಿ. ಮುಖಚಿತ್ರ ಚೆನ್ನಾಗಿ ಬರೆಯುವವನಿಗೆ ಭಾವಚಿತ್ರ, ಮೂರ್ತಿಯ ಮುಖದ ಕೆಲಸ, ಕಥೆಗೆ ಚಿತ್ರ ಇವು ಒಂದೇ ಬೇರಿನ ಕೊಂಬೆಗಳು. ವಾರದಲ್ಲಿ ಎರಡು ಬೆಳಗುಗಳನ್ನಾದರೂ ಯಾರ ಹೇಳಿಕೆಯ ಕೆಲಸಕ್ಕೂ ಕೊಡದೆ ತನ್ನ ಚಿತ್ರಕ್ಕೆಂದು ಕಾದಿಟ್ಟುಕೊಳ್ಳಬೇಕು. ವರ್ಷಕ್ಕೊಮ್ಮೆ ವಹಿ ತೆಗೆದು ಯಾವುದು ಎಷ್ಟು ದಿನ ತಿಂದಿತು, ಎಷ್ಟು ಕೊಟ್ಟಿತು ಎಂದು ನೋಡಿ ಒಂದನ್ನು ಬಿಡುವ, ಒಂದನ್ನು ಬೆಳೆಸುವ ನಿರ್ಧಾರ ಮಾಡಬೇಕು.

ಓದು ಮತ್ತು ಪಾಲಕರ ಪಾತ್ರ

ಹೈಸ್ಕೂಲಿನಲ್ಲಿರುವಾಗಲೇ ಲೋವರ್, ಹೈಯರ್ ಗ್ರೇಡ್ ಪರೀಕ್ಷೆ ಕಟ್ಟುವುದು ಒಳ್ಳೆಯ ಆರಂಭ. ಪಿ.ಯು.ಸಿ. ಮುಗಿಸಿ ನಾಲ್ಕು ವರ್ಷದ ದೃಶ್ಯಕಲಾ ಪದವಿಗೆ ಸೇರಬಹುದು. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು (ಕಾವಾ), ಬೆಂಗಳೂರಿನ ಚಿತ್ರಕಲಾ ಪರಿಷತ್ತು ಹೆಸರಾದವು. ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು 1935ರಲ್ಲಿ ಕಲಾಶಾಲೆ ಆರಂಭಿಸಿ ಈ ಭಾಗದ ಕಲಾಶಿಕ್ಷಣಕ್ಕೆ ತಳಹದಿ ಹಾಕಿದರು. ಕೊಲ್ಲಾಪುರವೂ ಸಂಕೇಶ್ವರದವರಿಗೆ ದೂರವಲ್ಲ. ಸೇರುವ ಮೊದಲು ಆ ಕಾಲೇಜಿಗೆ ಸಂಬಂಧಿಸಿದ ವಿಶ್ವವಿದ್ಯಾಲಯದ ಮಾನ್ಯತೆ, ಶುಲ್ಕ, ವಸತಿಗಳನ್ನು ಖುದ್ದಾಗಿ ಹೋಗಿ ವಿಚಾರಿಸಬೇಕು. ವರ್ಣಚಿತ್ರ, ಶಿಲ್ಪ, ಅಚ್ಚುಕಲೆಗಳ ಜೊತೆಗೆ ಅನ್ವಯಿಕ ಕಲೆ ಎಂಬ ವಿಭಾಗವೂ ಇರುತ್ತದೆ. ಜಾಹೀರಾತು, ಮುದ್ರಣ, ವಿನ್ಯಾಸದ ಕಡೆ ಹೋಗುವವರಿಗೆ ಅದು ಹತ್ತಿರದ ದಾರಿ.

ಪಾಲಕರು ಮಾಡಬಹುದಾದ ದೊಡ್ಡ ಸಹಾಯ ಹಣದ್ದಲ್ಲ. ಓದುವಾಗಲೇ ಮಗ ಅಥವಾ ಮಗಳು ಒಂದಾದರೂ ಚಿಕ್ಕ ಕೆಲಸವನ್ನು ಬೆಲೆ ಹೇಳಿ, ಸಮಯಕ್ಕೆ ಮುಗಿಸಿ, ದುಡ್ಡು ಎಣಿಸಿ ತರುವಂತೆ ನೋಡಿಕೊಳ್ಳುವುದು. ನೆಂಟರ ಮದುವೆಯ ಮಂಟಪವನ್ನು "ನಮ್ಮ ಹುಡುಗಿನ ಮಾಡ್ತಾಳ" ಎಂದು ಪುಕ್ಕಟೆಯಾಗಿ ಒಪ್ಪಿಸಿ ಬರುವ ಹಿರಿಯರು, ಆಕೆಯ ಕಲೆಗೆ ಬೆಲೆಯಿಲ್ಲವೆಂಬ ಮೊದಲ ಪಾಠವನ್ನು ತಾವೇ ಕಲಿಸಿದಂತಾಗುತ್ತದೆ. ಉಡುಗೊರೆ ಕೊಡುವುದಾದರೆ ಕೊಡಲಿ, ಆದರೆ ಅದರ ಬೆಲೆ ಎಷ್ಟಾಗುತ್ತಿತ್ತು ಎಂಬುದು ಆಕೆಗೂ ನೆಂಟರಿಗೂ ಗೊತ್ತಿರಲಿ.

ಆ ಮನೆಯ ಅಂಗಳಕ್ಕೆ ಮತ್ತೆ ಬರೋಣ. ಅಪ್ಪ ಕೇಳಿದ ಪ್ರಶ್ನೆಗೆ ಮಗಳು ಸಿಟ್ಟಾಗಿ ಒಳಗೆ ಹೋಗಬೇಕಾಗಿಲ್ಲ. ಒಂದು ಹಾಳೆ ತೆಗೆದುಕೊಂಡು ಅವನ ಪಕ್ಕ ಕುಳಿತು, ಯಾವುದು ತನ್ನ ಎಮ್ಮೆಯ ಹಾಲು, ಯಾವುದು ಮೆಣಸಿನಕಾಯಿ, ಯಾವುದು ಕಬ್ಬು ಎಂದು ಬರೆದು ತೋರಿಸಿದರೆ ಸಾಕು. ಹೊಲದ ಲೆಕ್ಕ ಬಲ್ಲ ಅಪ್ಪನಿಗೆ ಈ ಲೆಕ್ಕ ತಿಳಿಯದೆ ಇರದು. ಆಗ ಅವನು ಬಹುಶಃ ಎರಡನೆಯ ಪ್ರಶ್ನೆ ಕೇಳುತ್ತಾನೆ: "ಕಾಲೇಜಿನ ಫೀ ಎಷ್ಟಾಕ್ಕೈತಿ?"

ಆ ಪ್ರಶ್ನೆ ಬಂತೆಂದರೆ ಅರ್ಧ ಕೆಲಸ ಮುಗಿದಂತೆ.